ಮೂರು ಕ್ಯಾಸಿನೊ ಪೋಕರ್‌ಗಳಲ್ಲಿ ನನಗೆ ಒಗ್ಗಿದ್ದು ಮೂರೆಲೆಯದು

ಕಾಸರಗೋಡಿನಿಂದ ಮಂಗಳೂರಿಗೆ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ನಾನು, ಕಳೆದ ಆರು ತಿಂಗಳಲ್ಲಿ ಮೊಬೈಲಿನಲ್ಲಿ ಮೂರು ಬಗೆಯ ಕ್ಯಾಸಿನೊ ಪೋಕರ್ ಆಡಿ ನೋಡಿದ್ದೇನೆ: ಕೆರಿಬಿಯನ್ ಸ್ಟಡ್, ಅಲ್ಟಿಮೇಟ್ ಟೆಕ್ಸಾಸ್ ಹೋಲ್ಡೆಮ್ ಮತ್ತು ತ್ರೀ ಕಾರ್ಡ್ ಪೋಕರ್. ಕೊನೆಯದೇ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ನಾನು 199 ರೂಪಾಯಿ ಕೊಟ್ಟು ಬೇಸ್ತುಬಿದ್ದದ್ದೂ ಅದೇ ಆಟದಲ್ಲಿ. ಆ ವಿಷಯವನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ಮೂರನ್ನೂ ನಾನು ಆಡಿದ್ದು ಹಣವಿಲ್ಲದ ಅಭ್ಯಾಸದ ಮೇಜುಗಳಲ್ಲಿ ಮಾತ್ರ. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಜಾಣ್ಮೆಯವೇ ಇರಲಿ ಅದೃಷ್ಟದವೇ ಇರಲಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ ನಿಷೇಧಿಸಿದೆ. ನನಗೆ ಬೇಕಾಗಿದ್ದದ್ದು ಎಲೆಗಳ ಲೆಕ್ಕಾಚಾರವೇ ಹೊರತು ಹಣವಲ್ಲವಾದ್ದರಿಂದ ಇದರಿಂದ ನನಗೆ ಯಾವ ಕೊರತೆಯೂ ಆಗಲಿಲ್ಲ.

ನಮ್ಮ ಕಡೆಯವರಿಗೆ ಇಸ್ಪೀಟು ಹೊಸದಲ್ಲ. ಮದುವೆಯ ಹಿಂದಿನ ರಾತ್ರಿ ಚಾವಡಿಯಲ್ಲಿ ಇಪ್ಪತ್ತೆಂಟರ ಆಟ ನೋಡುತ್ತಲೇ ಬೆಳೆದವನು ನಾನು. ಆ ಆಟದಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು. ಜೊತೆಗಾರನ ಮನಸ್ಸನ್ನು ಓದಬೇಕು, ಎದುರಾಳಿಯ ಮುಖವನ್ನೂ ಓದಬೇಕು. ಕ್ಯಾಸಿನೊ ಪೋಕರಿನಲ್ಲಿ ಇದಾವುದೂ ಇಲ್ಲ. ಎದುರಿಗಿರುವುದು ಕ್ಯಾಸಿನೊ ಪರವಾಗಿ ಎಲೆ ಹಂಚಿ ಆಡುವ ಡೀಲರ್ ಒಬ್ಬನೇ, ಅವನು ನಡೆಯುವುದು ಗೊತ್ತುಪಡಿಸಿದ ನಿಯಮದಂತೆಯೇ. ಹೆದರಿಸಿ ಗೆಲ್ಲುವ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಈ ಆಟಗಳನ್ನು ಹೋಲಿಸುವಾಗ ನೋಡಬೇಕಾದದ್ದು ಎರಡೇ ಸಂಗತಿ: ಯಾವಾಗ ಮುಂದುವರಿಯಬೇಕು, ಯಾವಾಗ ಎಲೆ ಕೆಳಗಿಟ್ಟು ಪ್ಯಾಕ್ ಮಾಡಬೇಕು ಎಂಬ ಸೂತ್ರ ಎಷ್ಟು ಸರಳವಾಗಿದೆ ಎಂಬುದು ಮತ್ತು ಸರಿಯಾಗಿ ಆಡಿದರೂ ಕ್ಯಾಸಿನೊದ ಪಾಲಿಗೆ ಎಷ್ಟು ಹೋಗುತ್ತದೆ ಎಂಬುದು.

ಕೆರಿಬಿಯನ್ ಸ್ಟಡ್ಡನ್ನು ನಾನು ಬೇಗನೆ ಬಿಟ್ಟೆ. ನಮಗೆ ಐದು ಎಲೆ, ಡೀಲರಿಗೂ ಐದು. ಅವನ ಎಲೆಗಳಲ್ಲಿ ಒಂದು ಮಾತ್ರ ನಮಗೆ ಕಾಣುತ್ತದೆ. ಮುಂದುವರಿಯಬೇಕಾದರೆ ಮೊದಲ ಪಣವಾದ ಆಂಟೆಯ ಎರಡರಷ್ಟನ್ನು ಮತ್ತೆ ಇಡಬೇಕು. ಡೀಲರ್ ಕಣಕ್ಕಿಳಿಯಲು ಅವನ ಕೈಯಲ್ಲಿ ಕನಿಷ್ಠ ಎಕ್ಕ ಮತ್ತು ರಾಜ ಇರಬೇಕು, ಆದರೆ ನೂರರಲ್ಲಿ ಸುಮಾರು 44 ಸಲ ಅವನಿಗೆ ಅಷ್ಟೂ ಇರುವುದಿಲ್ಲ. ಆಗ ನಮ್ಮ ಆಂಟೆಗೆ ಸಮನಾದದ್ದು ಸಿಗುತ್ತದೆ, ಎರಡನೆಯ ಪಣ ಇದ್ದ ಹಾಗೆಯೇ ಮರಳುತ್ತದೆ. ಒಂದು ಸಂಜೆ ನನಗೆ ನಾಲ್ಕು ಒಂಬತ್ತುಗಳು ಒಟ್ಟಿಗೆ ಬಂದವು, ಡೀಲರಿನ ಕೈಯಲ್ಲಿ ಏನೂ ಇರಲಿಲ್ಲ, ನನಗೆ ದಕ್ಕಿದ್ದು ಆಂಟೆಗೆ ಸಮನಾದ ಹತ್ತು ಚಿಪ್ಪು (ಪಣದ ಬಿಲ್ಲೆ) ಮಾತ್ರ. ಅಪರೂಪದ ಕೈ ಹೀಗೆ ವ್ಯರ್ಥವಾಗುವ ಆಟ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಸರಿಯಾಗಿ ಆಡಿದರೂ ಆಂಟೆಯ ಶೇಕಡಾ 5.22ರಷ್ಟು ಕ್ಯಾಸಿನೊದ ಪಾಲಾಗುತ್ತದೆ. ಮಂಜೇಶ್ವರ ದಾಟಿದ ಮೇಲೆ ಗಡಿಯಲ್ಲಿ ನೆಟ್‌ವರ್ಕ್ ಕಡಿದಾಗಲೆಲ್ಲ ನಾನು ಬಳಸಿದ ಆ್ಯಪ್ ನನ್ನ ಕೈಯನ್ನು ಪ್ಯಾಕ್ ಎಂದೇ ಎಣಿಸುತ್ತಿತ್ತು.

ಅಲ್ಟಿಮೇಟ್ ಟೆಕ್ಸಾಸ್ ಹೋಲ್ಡೆಮ್ ಬಹಳ ಚೆಂದದ ಆಟವೆಂಬುದನ್ನು ನಾನು ಒಪ್ಪುತ್ತೇನೆ. ನಮ್ಮ ಎರಡು ಎಲೆಗಳನ್ನು ನೋಡಿದ ಕೂಡಲೇ ಆಂಟೆಯ ನಾಲ್ಕರಷ್ಟು ಕಟ್ಟಬಹುದು. ನಡುವಿನ ಮೂರು ಎಲೆ ಬಿದ್ದ ಮೇಲಾದರೆ ಎರಡರಷ್ಟು ಮಾತ್ರ. ಐದೂ ಬಿದ್ದ ಮೇಲಾದರೆ ಒಂದರಷ್ಟು ಮಾತ್ರ. ತಡಮಾಡಿದಷ್ಟೂ ಕಟ್ಟುವ ಅವಕಾಶ ಕುಗ್ಗುತ್ತದೆ ಎಂಬುದೇ ಇದರ ಸೊಗಸು. ಕ್ಯಾಸಿನೊದ ಪಾಲು ಆಂಟೆಯ ಶೇಕಡಾ 2.19ರಷ್ಟು, ಅಂದರೆ ಮೂರು ಆಟಗಳಲ್ಲಿ ಅತ್ಯಂತ ಕಡಿಮೆ. ಆದರೆ ಆ ಅಂಕಿ ಸೂತ್ರವನ್ನು ತಪ್ಪದೆ ಪಾಲಿಸುವವರಿಗೆ ಮಾತ್ರ ಅನ್ವಯಿಸುತ್ತದೆ, ಮತ್ತು ಸೂತ್ರ ಉದ್ದವಾಗಿದೆ. ಎಕ್ಕ ಯಾವುದಿದ್ದರೂ ನಾಲ್ಕರಷ್ಟು ಕಟ್ಟಬೇಕು. ರಾಜನಿದ್ದರೆ, ಎರಡೂ ಎಲೆ ಒಂದೇ ಜಾತಿಯವಾದಾಗ ಜೊತೆಯ ಎಲೆ ಯಾವುದಾದರೂ ಸರಿ, ಬೇರೆ ಜಾತಿಯವಾದಾಗ ಐದು ಅಥವಾ ಮೇಲಿನದು ಬೇಕು. ರಾಣಿಗೆ ಬೇರೆ ಲೆಕ್ಕ, ಗುಲಾಮನಿಗೆ ಇನ್ನೊಂದು. ಜೋಡಿಯಾದರೆ ಮೂರರ ಜೋಡಿಯಿಂದ ಮೇಲೆ. ಇವೆಲ್ಲ ಮೊದಲ ಹಂತದ ನಿಯಮಗಳು, ಇನ್ನೆರಡು ಹಂತ ಬಾಕಿಯೇ ಇರುತ್ತವೆ. ಇದಲ್ಲದೆ ಆಂಟೆಗೆ ಸಮನಾಗಿ ಬ್ಲೈಂಡ್ ಎಂಬ ಇನ್ನೊಂದು ಪಣ ಕಡ್ಡಾಯವಾಗಿರುವುದರಿಂದ, ಹತ್ತು ಚಿಪ್ಪಿನ ಆಂಟೆ ಇಟ್ಟವನು ಒಂದೇ ಕೈಗೆ ಅರವತ್ತರವರೆಗೆ ಕಟ್ಟಬೇಕಾಗುತ್ತದೆ. ಆ್ಯಪ್ ಕೊಟ್ಟ ಸಾವಿರ ಚಿಪ್ಪು ಕುಂಬಳೆಯಿಂದ ಉಪ್ಪಳ ತಲಪುವುದರೊಳಗೆ ಮುಗಿದ ದಿನಗಳಿವೆ. ಇಪ್ಪತ್ತೆಂಟರಲ್ಲಿ ಬಿದ್ದ ಎಲೆಗಳನ್ನೆಲ್ಲ ನೆನಪಿಡಬಲ್ಲ ನಮ್ಮ ಭಾವನಿಗೆ ಈ ಆಟವೇ ಇಷ್ಟವಾಯಿತು. ಅವರು ಮನೆಯಲ್ಲಿ, ಮೇಜಿನ ಮುಂದೆ ಕುಳಿತು, ಕಾಗದದಲ್ಲಿ ಬರೆದಿಟ್ಟ ಸೂತ್ರ ನೋಡಿಕೊಂಡು ಆಡುತ್ತಾರೆ.

ತ್ರೀ ಕಾರ್ಡ್ ಪೋಕರನ್ನು 1994ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಡೆರೆಕ್ ವೆಬ್. ತೀನ್ ಪತ್ತಿ ಬಲ್ಲವರಿಗೆ ಇದು ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ, ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ತೀನ್ ಪತ್ತಿಯಲ್ಲಿ ಎಲ್ಲಕ್ಕೂ ಮೇಲಿರುವುದು ಟ್ರೇಲ್, ಅಂದರೆ ಒಂದೇ ಅಂಕಿಯ ಮೂರು ಎಲೆಗಳು. ಇಲ್ಲಿ ಅದಕ್ಕಿಂತ ಒಂದೇ ಜಾತಿಯ ಸೀಕ್ವೆನ್ಸ್, ಅಂದರೆ ಅನುಕ್ರಮವಾಗಿ ಬರುವ ಮೂರು ಎಲೆಗಳು, ದೊಡ್ಡದು. ಮೂರೆಲೆಗಳಲ್ಲಿ ಸಾಧ್ಯವಿರುವ 22,100 ಕೈಗಳ ಪೈಕಿ ಟ್ರೇಲ್ 52 ಇದ್ದರೆ ಅಂಥ ಸೀಕ್ವೆನ್ಸ್ 48 ಮಾತ್ರ ಇರುವುದರಿಂದ ಈ ಕ್ರಮವೇ ಸರಿಯೆಂದು ನನಗೆ ತೋರುತ್ತದೆ. ಇನ್ನೊಂದು, ಎಕ್ಕ-2-3 ಇಲ್ಲಿ ಅತ್ಯಂತ ಕಿರಿಯ ಸೀಕ್ವೆನ್ಸ್. ತೀನ್ ಪತ್ತಿಯಲ್ಲಿ ಅದಕ್ಕಿರುವ ಎರಡನೆಯ ಸ್ಥಾನ ಇಲ್ಲಿಲ್ಲ.

ಆಡುವ ಸೂತ್ರ ಒಂದೇ ಸಾಲಿನದು. ಕೈಯಲ್ಲಿ ರಾಣಿ-6-4 ಅಥವಾ ಅದಕ್ಕಿಂತ ಮೇಲಿದ್ದರೆ ಆಂಟೆಗೆ ಸಮನಾಗಿ ಕಟ್ಟಬೇಕು, ಇಲ್ಲದಿದ್ದರೆ ಪ್ಯಾಕ್ ಮಾಡಬೇಕು. ರಾಣಿ-7-2 ಬಂದರೆ ಕಟ್ಟಬೇಕು, ಏಕೆಂದರೆ ಎರಡನೆಯ ಎಲೆ ಆರಕ್ಕಿಂತ ದೊಡ್ಡದು. ರಾಣಿ-6-3 ಬಂದರೆ ಬಿಡಬೇಕು. ರಾಜನೋ ಎಕ್ಕವೋ ಇದ್ದರೆ ಯೋಚಿಸುವ ಅಗತ್ಯವೇ ಇಲ್ಲ. ಡೀಲರಿಗೆ ಕನಿಷ್ಠ ರಾಣಿ ಬೇಕು, ಹತ್ತರಲ್ಲಿ ಮೂರು ಸಲ ಅವನಿಗೆ ಅದೂ ಬರುವುದಿಲ್ಲ. ಕ್ಯಾಸಿನೊದ ಪಾಲು ಆಂಟೆಯ ಶೇಕಡಾ 3.37ರಷ್ಟು. ಹೋಲ್ಡೆಮ್ಮಿಗಿಂತ ಇದು ಹೆಚ್ಚೆಂಬುದು ನಿಜ, ಆದರೆ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತು ತಪ್ಪಿಲ್ಲದೆ ಆಡಬಹುದಾದ ಆಟ ಇದೊಂದೇ.

ಈಗ ಆ 199 ರೂಪಾಯಿಯ ವಿಷಯ. ಜಾಹೀರಾತುಗಳ ಕಾಟ ತಾಳಲಾರದೆ ನಾನು ಒಂದು ಅಭ್ಯಾಸದ ಆ್ಯಪ್ ಖರೀದಿಸಿದೆ. ತ್ರೀ ಕಾರ್ಡ್ ಪೋಕರಿನಲ್ಲಿ ಪೇರ್ ಪ್ಲಸ್ ಎಂಬ ಪ್ರತ್ಯೇಕ ಪಣವೊಂದಿದೆ. ಡೀಲರಿಗೆ ಏನೇ ಬರಲಿ, ನಮ್ಮ ಕೈಯಲ್ಲಿ ಜೋಡಿ ಅಥವಾ ಅದಕ್ಕಿಂತ ಮೇಲಿನದು ಬಂದರೆ ಪಟ್ಟಿಯ ಪ್ರಕಾರ ಚಿಪ್ಪು ಸಿಗುತ್ತದೆ. ನಾನು ಮೊದಲು ಕಲಿತ ಪಟ್ಟಿ ಹೀಗಿತ್ತು: ಜೋಡಿಗೆ ಒಂದರಷ್ಟು, ಒಂದೇ ಜಾತಿಯ ಮೂರು ಎಲೆಗಳಾದ ಫ್ಲಶ್‌ಗೆ ನಾಲ್ಕರಷ್ಟು, ಸೀಕ್ವೆನ್ಸಿಗೆ ಆರರಷ್ಟು, ಟ್ರೇಲಿಗೆ ಮೂವತ್ತರಷ್ಟು, ಒಂದೇ ಜಾತಿಯ ಸೀಕ್ವೆನ್ಸಿಗೆ ನಲವತ್ತರಷ್ಟು. ಹೊಸ ಆ್ಯಪಿನಲ್ಲೂ ಅದೇ ಇರುವುದೆಂದು ನಂಬಿ, ದಿನವೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತ, ಹತ್ತು ಚಿಪ್ಪಿನಂತೆ ಆರುನೂರು ಕೈ ಆಡಿದೆ. ಚಿಪ್ಪು ಬೇಗಬೇಗ ಕರಗುತ್ತಿತ್ತು.

ಎಲೆ ಹಂಚುವುದರಲ್ಲೇ ಏನೋ ದೋಷವಿದೆ ಎಂಬ ಅನುಮಾನ ನನಗೆ ಮೊದಲು ಬಂತು. ಆದರೆ ನೋಟ್‌ಬುಕ್ಕು ಬೇರೆಯೇ ಹೇಳುತ್ತಿತ್ತು. 22,100 ಕೈಗಳಲ್ಲಿ ಫ್ಲಶ್ 1,096 ಇರುವುದರಿಂದ ಆರುನೂರು ಕೈಗಳಲ್ಲಿ ಸುಮಾರು ಮೂವತ್ತು ಫ್ಲಶ್ ಬರಬೇಕು, ನನಗೆ ಬಂದದ್ದು ಮೂವತ್ತೊಂದು. ಜೋಡಿಗಳೂ ಲೆಕ್ಕಕ್ಕೆ ಹತ್ತಿರವೇ ಇದ್ದವು. ಇಷ್ಟು ಕಡಿಮೆ ಕೈಗಳಲ್ಲಿ ನಷ್ಟವನ್ನು ಮಾತ್ರ ನೋಡಿ ಏನನ್ನೂ ತೀರ್ಮಾನಿಸಲಾಗದು, ಏಕೆಂದರೆ ಒಂದೇ ಜಾತಿಯ ಸೀಕ್ವೆನ್ಸ್ ಒಂದು ಬಂದರೆ ಸಾಕು, ನಾನೂರು ಚಿಪ್ಪು ಒಮ್ಮೆಗೇ ಮರಳಿ ಬರುತ್ತದೆ. ಕೊನೆಗೆ ಒಂದು ಬೆಳಿಗ್ಗೆ ಆಟೀನಿನ ಫ್ಲಶ್ ಬಿದ್ದಾಗ ಚಿಪ್ಪಿನ ಮೊತ್ತವನ್ನು ಮೊದಲೂ ಆಮೇಲೂ ಬರೆದಿಟ್ಟು ನೋಡಿದೆ. ನಲವತ್ತು ಬರಬೇಕಾದಲ್ಲಿ ಮೂವತ್ತು ಬಂದಿತ್ತು. ಮೇಜಿನ ಮೂಲೆಯ ಪುಟ್ಟ ಗುರುತನ್ನು ಒತ್ತಿ, ಮೂರು ಪುಟ ಸರಿಸಿದ ಮೇಲೆ, ಫ್ಲಶ್‌ಗೆ ಮೂರರಷ್ಟು ಮಾತ್ರ ಎಂಬ ಸಾಲು ಸಿಕ್ಕಿತು.

ಒಂದು ಅಂಕಿಯ ಬದಲಾವಣೆಯಿಂದ ಆಗುವುದೇನೆಂದು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಏನೂ ಇಲ್ಲದ ಕೈಗಳು 16,440. ಅವುಗಳಲ್ಲೆಲ್ಲ ನಾವು ಒಂದೊಂದು ಕಳೆದುಕೊಳ್ಳುತ್ತೇವೆ. ಫ್ಲಶ್‌ಗೆ ನಾಲ್ಕರಷ್ಟು ಕೊಡುವ ಪಟ್ಟಿಯಲ್ಲಿ ಉಳಿದ ಕೈಗಳಿಂದ ಬರುವುದು ಒಟ್ಟು 15,928, ಕೊರತೆ 512, ಅಂದರೆ ಶೇಕಡಾ 2.32. ಮೂರರಷ್ಟು ಕೊಟ್ಟರೆ ಕೊರತೆಗೆ 1,096 ಸೇರಿ 1,608 ಆಗುತ್ತದೆ, ಅಂದರೆ ಶೇಕಡಾ 7.28. ಕ್ಯಾಸಿನೊದ ಪಾಲು ಮೊದಲಿನ ಮೂರರಷ್ಟಕ್ಕಿಂತಲೂ ಹೆಚ್ಚಾಯಿತು. ಈ ಪಟ್ಟಿಯೂ ಚಾಲ್ತಿಯಲ್ಲಿರುವುದೇ, ಹಾಗಾಗಿ ಅದನ್ನು ಸುಳ್ಳೆನ್ನಲಾರೆ. ಆದರೆ ಅಭ್ಯಾಸಕ್ಕೆಂದೇ ಮಾರುವ ಆ್ಯಪ್ ಅದನ್ನು ಮೂರನೆಯ ಪುಟದಲ್ಲಿ ಅಡಗಿಸಿಡುವುದು ಕಲಿಯುವವರಿಗೆ ಮಾಡುವ ಅನ್ಯಾಯ. ಹಣ ಹಿಂದಿರುಗಿಸಿ ಎಂದು ಬರೆದದ್ದಕ್ಕೆ ಉತ್ತರವೂ ಬರಲಿಲ್ಲ.

ಈಗ ನಾನು ಬಳಸುತ್ತಿರುವುದು ಉಚಿತ ಆ್ಯಪ್. ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ, ಫ್ಲಶ್‌ಗೆ ನಾಲ್ಕರಷ್ಟೇ ಕೊಡುತ್ತದೆ, ಪಟ್ಟಿ ಮೇಜಿನ ಮೇಲೆಯೇ ಕಾಣುತ್ತದೆ. ನಡುನಡುವೆ ಅರ್ಧ ನಿಮಿಷದ ಜಾಹೀರಾತು ಬರುತ್ತದೆ. ಉಪ್ಪಳದಲ್ಲಿ ಇಳಿಯುವವರಿಗೆ ದಾರಿ ಬಿಡುವಷ್ಟರಲ್ಲಿ ಅದು ಮುಗಿದಿರುತ್ತದೆ.