ಹಾಡಿಯವರು ಯಾವ ಅರ್ಜಿ ಹಾಕಬೇಕು?

ಕೊಡಗಿನ ಕಾಡಂಚಿನ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಪುಟ್ಟ ಊರುಗಳಲ್ಲಿ, ಈ ಗೊಂದಲ ಸಹಜ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಹಕ್ಕು ಕೇಳಬೇಕಾ, ಸಮುದಾಯದ್ದಾ?

ವೈಯಕ್ತಿಕ ಹಕ್ಕು ಅಂದರೆ ಮನೆ, ಉಳುಮೆಯ ಜಾಗ. ಹೆಚ್ಚೆಂದರೆ 4 ಹೆಕ್ಟೇರ್. ಅದೂ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ನಿಮ್ಮ ಅನುಭವದಲ್ಲಿ ಇದ್ದಷ್ಟೇ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರುತ್ತದೆ, ಮುಂದೆ ಮಕ್ಕಳಿಗೆ ಹೋಗುತ್ತದೆ. ಮಾರುವ ಹಾಗಿಲ್ಲ.

ಸಮುದಾಯದ ಹಕ್ಕಿನ ಲೆಕ್ಕವೇ ಬೇರೆ. ಜೇನು, ಮೇಣ, ಸೀಗೆಕಾಯಿ, ಬಿದಿರು ತಂದು ಮಾರುವ ಹಕ್ಕು ಇದರಲ್ಲಿ ಬರುತ್ತದೆ. ಕಾಡನ್ನು ಕಾಯುವ, ನೋಡಿಕೊಳ್ಳುವ ಅಧಿಕಾರವನ್ನೂ ಗ್ರಾಮಸಭೆ ಕೇಳಬಹುದು. ಇದಕ್ಕೆ 4 ಹೆಕ್ಟೇರಿನ ಮಿತಿ ಇಲ್ಲ. ಹಿರಿಯರು ಓಡಾಡಿದ ಗಡಿಯೇ ಗಡಿ. ಹೆಜ್ಜೇನು ಯಾವ ಮರಕ್ಕೆ ಕಟ್ಟುತ್ತದೆ, ಜೇನುತಟ್ಟಿಯಲ್ಲಿ ಎಷ್ಟು ಬಿಡಬೇಕು ಅನ್ನುವುದು ಜೇನುಕುರುಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅಲ್ವಾ? ಆದರೆ ಸಭೆ, ನಕ್ಷೆ, ಸಹಿ ಅಂತ ಓಡಾಟ ಜಾಸ್ತಿ.

ತೋಟದ ಕೂಲಿಯಲ್ಲೇ ಬದುಕುವ ಮನೆಗೆ ಸೂರು ಮೊದಲು. ಜೇನು ನಂಬಿದವರಿಗೆ ಸಮುದಾಯದ ಹಕ್ಕಿಲ್ಲದೆ ಆಗದು. ನನ್ನ ಕೇಳಿದರೆ ಎರಡೂ ಹಾಕಿ, ಕಾನೂನಿನ ಅಡ್ಡಿ ಇಲ್ಲ. ವೈಯಕ್ತಿಕಕ್ಕೆ ಫಾರಂ ‘ಎ’, ಸಮುದಾಯಕ್ಕೆ ‘ಬಿ’, ಕಾಡಿನ ನಿರ್ವಹಣೆಗೆ ‘ಸಿ’. ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಉಪವಿಭಾಗದ ಸಮಿತಿಗೆ ಅರ್ಜಿ ಕೊಡಿ.