ಗ್ಲಾಕ್ 19: ಹಗಲು ಸೊಂಟದಲ್ಲಿ, ರಾತ್ರಿ ಸೇಫಿನಲ್ಲಿ – ಹ್ಯೂಸ್ಟನ್‌ನಿಂದ ಕೆಲವು ವರ್ಷಗಳ ಬಳಕೆಯ ಅನುಭವ

ಇದು ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಸ್‌ನಲ್ಲಿ ಇರುವ ಕನ್ನಡಿಗರಿಗೆ ಬರೆದದ್ದು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ನಾನು ಕೊಂಡದ್ದು ಗ್ಲಾಕ್ 19 ಪಿಸ್ತೂಲು, ಜೆನ್ 5, ಅಂದರೆ ಐದನೇ ತಲೆಮಾರಿನದು. ಹೊರಗೆ ಹೋಗುವಾಗ ಅಂಗಿಯ ಕೆಳಗೆ ಇರುವುದೂ ಅದೇ, ಮನೆ ಕಾವಲಿಗೆ ಇರುವುದೂ ಅದೇ. ಎರಡು ಕೆಲಸಕ್ಕೂ ಒಂದೇ ಗನ್ ಸಾಕಾ ಅಂತ ತುಂಬ ಜನ ಕೇಳುತ್ತಾರೆ. ಸಾಕು. ಒಂದೇ ಇದ್ದರೆ ಇನ್ನೂ ಒಳ್ಳೆಯದು ಅನ್ನುವುದು ಇಷ್ಟು ವರ್ಷ ಬಳಸಿದ ಮೇಲೆ ನನಗೆ ಗಟ್ಟಿಯಾಗಿದೆ. ರೇಂಜಿನಲ್ಲಿ ಅಭ್ಯಾಸ ಮಾಡುವ ಟ್ರಿಗರ್, ಕತ್ತಲಲ್ಲಿ ಗಾಬರಿಯಲ್ಲಿ ಬೆರಳಿಗೆ ಸಿಗುವ ಟ್ರಿಗರ್, ಎರಡೂ ಒಂದೇ ಆಗಿರಬೇಕು.

ಗನ್ ವಿಷಯಕ್ಕೆ ಬರುವ ಮುಂಚೆ ಒಂದು ಮಾತು. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾದಲ್ಲಿ ಇರುವವರು ದಯವಿಟ್ಟು ಅವಸರ ಮಾಡಬೇಡಿ. ವಲಸೆಯೇತರ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನೇ ತಡೆಯುತ್ತದೆ. ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ನಂಬಿ ಹೆಜ್ಜೆ ಇಡುವ ಮುಂಚೆ ವಕೀಲರನ್ನು ಕೇಳಿ. ಅಂಗಡಿಯಲ್ಲಿ ತುಂಬುವ 4473 ಫಾರ್ಮಿನಲ್ಲಿ ಈ ಪ್ರಶ್ನೆ ನೇರವಾಗಿಯೇ ಇದೆ, ಅಲ್ಲಿ ಸುಳ್ಳು ಬರೆದರೆ ಅದೇ ದೊಡ್ಡ ಅಪರಾಧ. ಊರಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಾಗಲೂ ಇದು ನೆನಪಿರಲಿ. ನಮ್ಮನೆಯಲ್ಲಿ ಅವರು ಇರುವಷ್ಟು ದಿನ ಸೇಫಿನ ಕೋಡ್ ಅವರಿಗೆ ಗೊತ್ತಿರುವುದಿಲ್ಲ.

ಈಗ ಅಳತೆ. ಗ್ಲಾಕ್ 19ಕ್ಕೆ 9 ಎಂಎಂ ಗುಂಡು, ಮ್ಯಾಗಜೀನಿಗೆ (ಹಿಡಿಕೆಯೊಳಗೆ ಕೂರುವ ಗುಂಡಿನ ಕೊಳವೆ) 15. ನಳಿಗೆ 10 ಸೆಂಟಿಮೀಟರ್ ಚಿಲ್ಲರೆ. ಗುಂಡು ತುಂಬಿದರೆ ತೂಕ 850 ಗ್ರಾಂ ಸುಮಾರು. ಈ ಮಾದರಿ ಬಂದದ್ದು 1988ರಲ್ಲಿ, ಹಾಗಾಗಿ ಹೋಲ್‌ಸ್ಟರ್ (ಗನ್ ಇಡುವ ಒರೆ), ಮ್ಯಾಗಜೀನ್, ಲೈಟು, ಬಿಡಿಭಾಗ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಇದು ಸಣ್ಣ ಅನುಕೂಲ ಅಲ್ಲ. ಬಚ್ಚಿಟ್ಟುಕೊಂಡು ಓಡಾಡಲು ಇದಕ್ಕಿಂತ ಚಿಕ್ಕವು ಬೇಕಾದಷ್ಟಿವೆ. 2018ರಲ್ಲಿ ಬಂದ ಸಿಗ್ ಪಿ365 ತೀರಾ ಪುಟ್ಟದು, ಆದರೂ 10 ಗುಂಡು ಹಿಡಿಯುತ್ತದೆ. ಗ್ಲಾಕ್‌ನದ್ದೇ 43ಎಕ್ಸ್ ಕೂಡ 10 ಗುಂಡಿನದು, ತೆಳ್ಳಗಿದೆ. ಸ್ಮಿತ್ ಆ್ಯಂಡ್ ವೆಸನ್ 642 ರಿವಾಲ್ವರ್ 400 ಗ್ರಾಂ ಅಷ್ಟೇ, ಪ್ಯಾಂಟಿನ ಜೇಬಿನಲ್ಲಿ ಮಾಯವಾಗುತ್ತದೆ. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಎಲ್ಲವನ್ನೂ ಹೊಡೆದು ನೋಡಿದೆ. ನೀವೂ ಹಾಗೇ ಮಾಡಿ. ಅಂಗಡಿಯಲ್ಲಿ ಕೈಗೆ ಹಿತವಾಗಿರುವುದು ಬೇರೆ, ಒಂದು ಡಬ್ಬಿ ಗುಂಡು ಹೊಡೆದ ಮೇಲೆ ಕೈಗೆ ಹಿತವಾಗಿರುವುದು ಬೇರೆ. ಹಗುರ ರಿವಾಲ್ವರ್ ಅಂಗೈಗೆ ಎಷ್ಟು ಜೋರಾಗಿ ಹೊಡೆಯುತ್ತದೆ ಅಂದರೆ ಐದು ಗುಂಡು ಮುಗಿದಾಗ ಸದ್ಯ ಮುಗಿಯಿತಲ್ಲ ಅನ್ನಿಸುತ್ತದೆ. ಟ್ರಿಗರ್ರೂ ಉದ್ದ, ಬಿಗಿ. ಹೊಸಬರಿಗೆ, ಅದರಲ್ಲೂ ಹೆಂಗಸರಿಗೆ ಇದೇ ಸುಲಭ ಅಂತ ಕೌಂಟರಿನಲ್ಲಿ ಕೊಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಚಿಕ್ಕ ಗನ್ನಿನಲ್ಲಿ ಗುರಿ ಇಡುವುದು ಕಷ್ಟ, ಅದು ನುರಿತವರ ಕೈಗೆ ಸರಿ.

ನನ್ನ ಹೆಂಡತಿಗೆ ತೊಡಕಾದದ್ದು ಗುರಿ ಅಲ್ಲ, ಸ್ಲೈಡ್, ಅಂದರೆ ಪಿಸ್ತೂಲಿನ ಹಿಂದೆ ಮುಂದೆ ಜರುಗುವ ಮೇಲ್ಭಾಗ, ಎಳೆಯುವುದು. ಎರಡು ಬೆರಳಲ್ಲಿ ಚಿವುಟಿ ಹಿಡಿದು ಹಿಂದಕ್ಕೆ ಎಳೆಯಲು ನೋಡಿದರೆ ಯಾರಿಗೂ ಕಷ್ಟವೇ. ಇಡೀ ಅಂಗೈಯನ್ನು ಸ್ಲೈಡಿನ ಮೇಲೆ ಇಟ್ಟು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಕೆಯನ್ನು ಮುಂದಕ್ಕೆ ತಳ್ಳಬೇಕು, ಮೂತಿ ಮಾತ್ರ ಗುರಿಹಲಗೆಯ ಕಡೆಯಿಂದ ಕದಲಬಾರದು. ತರಬೇತಿ ಕೊಟ್ಟ ಮಹಿಳೆ ಇದನ್ನು ತೋರಿಸಿದ ಮೇಲೆ ಅವಳು ನನಗಿಂತ ಚುರುಕು. ಮಣಿಕಟ್ಟಿನಲ್ಲಿ ನೋವು ಇರುವವರಿಗೆ, ವಯಸ್ಸಾದವರಿಗೆ ಇಷ್ಟೂ ಆಗದಿದ್ದರೆ ಸ್ಮಿತ್ ಆ್ಯಂಡ್ ವೆಸನ್‌ನ ಶೀಲ್ಡ್ ಈಝಡ್ ನೋಡಿ, ಅದನ್ನು ಮಾಡಿರುವುದೇ ಸ್ಲೈಡ್ ಸಲೀಸಾಗಿ ಎಳೆಯಲು ಬರಲಿ ಅಂತ.

ಗ್ಲಾಕ್‌ಗೆ ಕೈಯಿಂದ ಹಾಕುವ ಸೇಫ್ಟಿ ಇಲ್ಲ. ಟ್ರಿಗರಿನ ಮಧ್ಯೆ ಒಂದು ಸಣ್ಣ ಪಟ್ಟಿ ಇದೆ, ಒಳಗೆ ಇನ್ನೆರಡು ತಡೆಗಳಿವೆ. ಕೆಳಗೆ ಬಿದ್ದರೆ ತಾನಾಗಿ ಸಿಡಿಯದಂತೆ ಅವು ಕಾಯುತ್ತವೆ, ಆದರೆ ಟ್ರಿಗರ್ ಒತ್ತಿದರೆ ಹೊಡೆಯುತ್ತದೆ, ಯಾರ ಬೆರಳು ಅಂತ ಅದು ಕೇಳುವುದಿಲ್ಲ. ನಾನು ಕೊಡಗಿನವನು, ಕೈಲ್ ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಹಾಗೆ ಬೆಳೆದವರಿಗೂ ಪಿಸ್ತೂಲು ಹೊಸ ಪಾಠವೇ. ಕೋವಿಯ ಮೂತಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿರುತ್ತದೆ. ಪಿಸ್ತೂಲಿನದು ಗಿಡ್ಡ ನಳಿಗೆ, ಮಾತಾಡುತ್ತಾ ಮಣಿಕಟ್ಟು ತಿರುಗಿದರೆ ಪಕ್ಕದವರ ಹೊಟ್ಟೆಯ ಕಡೆಗೋ ನಿಮ್ಮ ಎಡಗೈ ಕಡೆಗೋ ನೋಡುತ್ತಿರುತ್ತದೆ. ಬಿಚ್ಚಿ ಒರೆಸುವಾಗ ಇನ್ನೂ ಜಾಸ್ತಿ ಜಾಗ್ರತೆ ಬೇಕು, ಯಾಕೆಂದರೆ ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಮ್ಯಾಗಜೀನ್ ತೆಗಿ, ಸ್ಲೈಡ್ ಎಳೆ, ಗುಂಡು ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ಮುಟ್ಟಿ ನೋಡು, ಆಮೇಲೆ ಇನ್ನೊಂದು ಸಲ ನೋಡು. ಅದೂ ಮುಗಿದ ಮೇಲೆಯೇ ಮೂತಿಯನ್ನು ಸುರಕ್ಷಿತ ಕಡೆಗೆ ಇಟ್ಟು ಟ್ರಿಗರ್ ಒತ್ತುವುದು. ನಾನು ಈ ಕೆಲಸ ಮಾಡುವಾಗ ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರುತ್ತವೆ, ಫೋನು ಕೂಡ.

ಸೇಫ್ ಬಗ್ಗೆ ನನ್ನ ಅಭಿಪ್ರಾಯ ತುಂಬ ಖಡಕ್. ಮನೆಯಲ್ಲಿ ಮಕ್ಕಳಿದ್ದು ಸೇಫಿಗೆ ದುಡ್ಡಿಲ್ಲ ಅಂದರೆ ಗನ್‌ಗೂ ದುಡ್ಡಿಲ್ಲ ಅಂತಲೇ ಲೆಕ್ಕ. ಬೀರುವಿನ ಮೇಲಿನ ಅಟ್ಟ, ಸೀರೆಗಳ ಮಧ್ಯೆ, ಹಾಸಿಗೆ ಕೆಳಗೆ, ಇವ್ಯಾವುವೂ ಮಕ್ಕಳಿಗೆ ಗೊತ್ತಿಲ್ಲದ ಜಾಗಗಳಲ್ಲ. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನವರ ಕೈಗೆ ಗುಂಡು ತುಂಬಿದ ಗನ್ ಸಿಗುವಂತೆ ಬೇಜವಾಬ್ದಾರಿಯಿಂದ ಬಿಟ್ಟರೆ ಅಪರಾಧ, ಆದರೆ ಕಾನೂನಿಗೆ ಹೆದರಿ ಬೀಗ ಹಾಕುವ ವಿಷಯವಲ್ಲ ಇದು. ನಮ್ಮಲ್ಲಿರುವುದು ಗುಂಡಿ ಒತ್ತಿ ತೆರೆಯುವ ಚಿಕ್ಕ ಸೇಫ್, ಮಂಚದ ಪಕ್ಕದ ಮೇಜಿಗೆ ಬೋಲ್ಟ್ ಹಾಕಿದ್ದೇವೆ. ಮುಂಚೆ ಇದ್ದ ಒಂದು ಕಂಪನಿಯ ಬೆರಳಚ್ಚಿನ ಸೇಫ್, ಪಾತ್ರೆ ತೊಳೆದ ಒದ್ದೆ ಬೆರಳಿಗೆ ತೆರೆಯುತ್ತಲೇ ಇರಲಿಲ್ಲ, ಅದನ್ನು ವಾಪಸ್ ಕೊಟ್ಟೆವು. ಬ್ಯಾಟರಿಯನ್ನು ಬೇಸಿಗೆ ಸಮಯ, ಚಳಿಗಾಲದ ಸಮಯ ಅಂತ ಗಡಿಯಾರ ತಿರುಗಿಸುವ ದಿನ ಬದಲಿಸುತ್ತೇನೆ, ಆಗ ಮರೆಯುವುದಿಲ್ಲ. ಕೀಲಿ ಇರುವುದು ಮನೆಯ ಇನ್ನೊಂದು ಕಡೆ.

ಇನ್ನು ಗೋಡೆ. ಇಲ್ಲಿನ ಮನೆ ಗೋಡೆ ಅಂದರೆ ಮರದ ಚೌಕಟ್ಟಿನ ಎರಡೂ ಕಡೆ ಜಿಪ್ಸಮ್ ಹಲಗೆ, ನಡುವೆ ಗಾಳಿ. ನಮ್ಮೂರಿನ ಇಟ್ಟಿಗೆ ಗೋಡೆ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಬೇಡಿ. 9 ಎಂಎಂ ಗುಂಡು ಗುರಿ ತಪ್ಪಿದರೆ ಇಂಥ ಗೋಡೆಗಳನ್ನು ಒಂದರ ಹಿಂದೆ ಒಂದು ದಾಟಿಕೊಂಡು ಹೋಗುತ್ತದೆ. ಮೂತಿ ಚಪ್ಪಟೆಯಾಗಿ ಅರಳುವ ಹಾಲೋ ಪಾಯಿಂಟ್ ಗುಂಡು ದೇಹದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು, ಅದಕ್ಕೇ ಆತ್ಮರಕ್ಷಣೆಗೆ ಅದನ್ನೇ ಹಾಕುವುದು, ಆದರೆ ತಪ್ಪಿ ಗೋಡೆಗೆ ಬಿದ್ದರೆ ಅದೂ ದಾಟುತ್ತದೆ. ನಾನು ಹಾಕುವುದು ಫೆಡರಲ್ ಕಂಪನಿಯ 124 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಎಚ್‌ಎಸ್‌ಟಿ, ಅಭ್ಯಾಸಕ್ಕೆ ಸಾದಾ 115 ಗ್ರೇನ್. 9 ಎಂಎಂ ಸಾಕಾಗಲ್ಲ, ಇನ್ನೂ ದಪ್ಪ ಗುಂಡಿನ .40 ಬೇಕು, .45 ಬೇಕು ಅನ್ನುವವರು ಈಗಲೂ ಇದ್ದಾರೆ. 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದ ನಂತರ ಎಫ್‌ಬಿಐ ದೊಡ್ಡ ಗುಂಡಿಗೆ ಹೋಗಿ, ಮತ್ತೆ ಹತ್ತಿರ ಹತ್ತಿರ ಮೂವತ್ತು ವರ್ಷದ ಮೇಲೆ 9 ಎಂಎಂಗೇ ವಾಪಸ್ ಬಂತು, ಅಷ್ಟು ಹೊತ್ತಿಗೆ ಗುಂಡುಗಳು ಸುಧಾರಿಸಿದ್ದವು. ನನಗೆ ಅಷ್ಟು ಸಾಕು. ರಾತ್ರಿ ಸದ್ದಾದರೆ ನಮ್ಮ ಯೋಜನೆ ಮನೆಯೆಲ್ಲ ಹುಡುಕುವುದಲ್ಲ. ಮಕ್ಕಳ ಕೋಣೆಗೆ ಹೋಗುವುದು, ಬಾಗಿಲು ಹಾಕುವುದು, 911ಕ್ಕೆ ಫೋನ್. ಗನ್ ಬಾಗಿಲ ಕಡೆಗೆ, ಬೆರಳು ಟ್ರಿಗರಿನ ಹೊರಗೆ. ಗನ್ನಿಗೆ ಲೈಟ್ ಸಿಕ್ಕಿಸಿದ್ದರೂ ಕೈಯಲ್ಲಿ ಬೇರೆ ಟಾರ್ಚ್ ಇರಲೇಬೇಕು, ಇಲ್ಲದಿದ್ದರೆ ಯಾರು ಅಂತ ನೋಡಲು ಆ ಮನುಷ್ಯನಿಗೆ ಗನ್ನೇ ಗುರಿ ಹಿಡಿಯಬೇಕಾಗುತ್ತದೆ. ಅದು ನೀರು ಕುಡಿಯಲು ಎದ್ದ ಮಗಳೂ ಆಗಿರಬಹುದು.

ಹೊರಗೆ ಒಯ್ಯುವ ವಿಷಯದಲ್ಲಿ ಗ್ಲಾಕ್ 19ರ ಕಷ್ಟ ಹ್ಯೂಸ್ಟನ್ ಸೆಕೆಯಲ್ಲಿ ಗೊತ್ತಾಗುತ್ತದೆ. ತೆಳು ಟೀ ಶರ್ಟಿನಲ್ಲಿ ಹಿಡಿಕೆಯ ಹಿಂತುದಿ ಉಬ್ಬುತ್ತದೆ. ಒಂದು ಅಳತೆ ದೊಡ್ಡ ಅಂಗಿ, ಗಾಢ ಬಣ್ಣ ಅಥವಾ ಚೌಕಳಿ ಇದ್ದರೆ ಪರವಾಗಿಲ್ಲ. ಜುಬ್ಬಾದಲ್ಲಂತೂ ಗೊತ್ತೇ ಆಗುವುದಿಲ್ಲ, ಆದರೆ ಬೇಗ ತೆಗೆಯಲು ಬರುವುದಿಲ್ಲ. ಮಾಮೂಲಿ ಚರ್ಮದ ಬೆಲ್ಟ್ ಈ ತೂಕಕ್ಕೆ ಜೋಲುತ್ತದೆ, ಗಟ್ಟಿ ಬೆಲ್ಟ್ ಬೇಕೇ ಬೇಕು. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚುವ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ಆಗಿರಲಿ, ಮೆತ್ತನೆ ಬಟ್ಟೆಯದ್ದು ಬೇಡ. ಗನ್ 500ರಿಂದ 600 ಡಾಲರಿಗೆ ಸಿಕ್ಕರೂ ಬೆಲ್ಟು, ಹೋಲ್‌ಸ್ಟರ್, ಸೇಫು, ತರಬೇತಿ, ಗುಂಡು ಸೇರಿದರೆ ಅಷ್ಟೇ ದುಡ್ಡು ಇನ್ನೊಮ್ಮೆ ಆಗುತ್ತದೆ. ಮೊದಲೇ ಲೆಕ್ಕ ಹಾಕಿ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಗನ್ ಇಟ್ಟುಕೊಳ್ಳಲು ಅರ್ಹರಾದ 21 ದಾಟಿದವರಿಗೆ ಲೈಸೆನ್ಸ್ ಇಲ್ಲದೆಯೂ ಒಯ್ಯಲು ಅವಕಾಶ ಇದೆ. ಆದರೂ ಲೈಸೆನ್ಸ್ ಮಾಡಿಸಿಕೊಳ್ಳಿ. ತರಗತಿಯಲ್ಲಿ ಕಾನೂನು ಹೇಳಿಕೊಡುತ್ತಾರೆ, 3, 7, 15 ಗಜದಿಂದ 50 ಗುಂಡು ಹೊಡೆಸುತ್ತಾರೆ, ಬೇರೆ ಎಷ್ಟೋ ರಾಜ್ಯಗಳಲ್ಲೂ ಆ ಲೈಸೆನ್ಸ್ ನಡೆಯುತ್ತದೆ. ಬಾಗಿಲಲ್ಲಿ 30.06 ಅಂತ ಫಲಕ ಇದ್ದರೆ ಲೈಸೆನ್ಸ್ ಇದ್ದವರೂ ಬಚ್ಚಿಟ್ಟ ಗನ್ ಒಳಗೆ ಒಯ್ಯುವಂತಿಲ್ಲ, ಕೆಂಪಕ್ಷರದಲ್ಲಿ 51% ಅಂತ ಫಲಕ ಇರುವ ಬಾರ್‌ಗಳಿಗೂ ಬೇಡ. ಸಂಘದ ರಾಜ್ಯೋತ್ಸವ ಶಾಲೆಯ ಸಭಾಂಗಣದಲ್ಲಿ ಇದ್ದರೆ ಆವತ್ತು ಗನ್ ಮನೆಯಲ್ಲೇ.

ನಿರ್ವಹಣೆಗೆ ಜಾಸ್ತಿ ಹೇಳುವುದಿಲ್ಲ, ಬೆವರು ಒರೆಸಿ ತೆಳ್ಳಗೆ ಎಣ್ಣೆ ಮುಟ್ಟಿಸಿದರೆ ಆಯಿತು. ಒಂದನ್ನು ಮಾತ್ರ ಗಮನಿಸಿ. ದಿನಾ ಗುಂಡು ತೆಗೆದು ಮತ್ತೆ ಅದನ್ನೇ ಒಳಗೆ ಹಾಕುತ್ತಿದ್ದರೆ, ಅದರ ಮೂತಿ ಪ್ರತಿ ಸಲ ಬಡಿದು ಬಡಿದು ಹಿತ್ತಾಳೆ ಕವಚದೊಳಗೆ ಜರುಗುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಕೂದಲೆಳೆಯಷ್ಟು ಗಿಡ್ಡ ಕಂಡರೂ ಅದನ್ನು ಹೊಡೆಯಬೇಡಿ, ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಆದಷ್ಟೂ ಹೋಲ್‌ಸ್ಟರ್ ಸಮೇತ ತೆಗೆದು ಹಾಗೇ ಸೇಫಿಗೆ ಇಡಿ, ಗುಂಡು ತೆಗೆಯುವ ಹಾಕುವ ರಗಳೆಯೇ ಇರುವುದಿಲ್ಲ.

ಮತ್ತೆ, ರೇಂಜಿಗೆ ಒಯ್ಯುವ ಬ್ಯಾಗನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಅದರ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಆಯುಧ ಕಾಯ್ದೆಯ ಕೇಸು. ಇಲ್ಲಿ ಎಲ್ಲೆಂದರಲ್ಲಿ ಸಿಗುವ 9 ಎಂಎಂ ಭಾರತದಲ್ಲಿ ಸಾಮಾನ್ಯರಿಗೆ ಲೈಸೆನ್ಸ್ ಕೊಡದ ನಿಷೇಧಿತ ಬೋರ್ (ನಳಿಗೆಯ ಅಳತೆ). ಊರಿಗೆ ಹೊರಡುವಾಗ ಮಕ್ಕಳ ಸ್ಕೂಲ್ ಬ್ಯಾಗಿನಿಂದ ಹಿಡಿದು ಜಾಕೆಟ್ ಜೇಬಿನವರೆಗೆ ಎಲ್ಲವನ್ನೂ ತಲೆಕೆಳಗು ಮಾಡಿ ಕೊಡವಿ ನೋಡಿ.