ಪಾಠ ಛಲೋ, ಹಲಗೆ ಕೆಟ್ಟದ್ದು

ಗಲಭೆ ನಡೆದ ಊರಿನ ಶಾಂತಿ ಸಮಿತಿಗೆ ವಿಕಲಚೇತನ ಮಹಿಳೆಯರನ್ನು ಸೇರಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಕಲಬುರಗಿಯಲ್ಲಿ ಎರಡು ದಿನದ ತರಬೇತಿ ನಡೆಯುತ್ತದೆ. ಶುಲ್ಕವಿಲ್ಲ. ಕಾನೂನಿನ ಭಾಗ ಚುಟುಕು: ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1325ನೇ ನಿರ್ಣಯ (2000) ಮಹಿಳೆಯರ ಬಗ್ಗೆ ಮಾತಾಡಿತು, ವಿಕಲಚೇತನರಿಗಾಗಿ 2475 ಬಂದದ್ದು 2019ರಲ್ಲಿ, ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಮು ಸಂಘರ್ಷದ ಹೊತ್ತಿನ ರಕ್ಷಣೆಯದು. ಅಷ್ಟು ಸಾಕು.

ನಿಜವಾಗಿ ಚೆನ್ನಾಗಿರುವುದು ಕರ್ಫ್ಯೂ ಕುರಿತ ಅಭ್ಯಾಸ. ಪೊಲೀಸ್ ಜೀಪು ಮೈಕಿನಲ್ಲಿ ಸಾರಿದ್ದು ಕಿವಿ ಕೇಳದವಳಿಗೆ ತಲುಪುವುದಿಲ್ಲ. ಅದಕ್ಕೆ ಓಣಿಗೊಬ್ಬರು ಚಿತ್ರದ ಕಾರ್ಡು ಹಿಡಿದು ಬಾಗಿಲಿಗೆ ಹೋಗಬೇಕು. ಓದು ಬಾರದವರೇ ಹೆಚ್ಚಿದ್ದರೆ ಬರಹದ ಚೀಟಿ ಉಪಯೋಗಕ್ಕಿಲ್ಲ. ಸುಟ್ಟ ಮನೆಯಲ್ಲಿ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಹೋಗಿದ್ದರೆ ಪರಿಹಾರದ ಅರ್ಜಿಗಿಂತ ಮೊದಲು ಅದರ ನಕಲು ತೆಗೆಸಬೇಕು.

ಸನ್ನೆ ಭಾಷೆಯ ವಿಷಯದಲ್ಲಿ ಎಡವಿದ್ದಾರೆ. ದಿನವಿಡೀ ಒಬ್ಬರೇ ದುಭಾಷಿ. ಇಬ್ಬರಿದ್ದು 20-30 ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಮಾತು ಬಿಟ್ಟುಹೋಗುತ್ತದೆ. ಶಾಲೆ ಮೆಟ್ಟಿಲು ಹತ್ತದ ಹಳ್ಳಿಯ ಹೆಣ್ಣುಮಕ್ಕಳಿಗೆ ಮನೆಯ ಸನ್ನೆಯೇ ಗತಿ, ಹಾಗಾಗಿ ಅಣ್ಣನನ್ನೋ ಗಂಡನನ್ನೋ ಕೂರಿಸಿ ಹೇಳಿಸುತ್ತಾರೆ. ಅವರೆದುರು ಮೈಮೇಲಾದ ದೌರ್ಜನ್ಯದ ಮಾತು ಬಾಯಿಗೆ ಬರುವುದೇ ಇಲ್ಲ. ನೆರೆಯ ಹೆಣ್ಣುಮಗಳೊಬ್ಬಳನ್ನು ಮೊದಲೇ ಪಳಗಿಸಿಟ್ಟುಕೊಳ್ಳುವುದೇ ದಾರಿ.

ಸಭಾಂಗಣ? ಬಾಗಿಲಿಗೆ 450 ಮಿಲಿಮೀಟರ್ ಎತ್ತರದ ಕಟ್ಟೆ, ಅದಕ್ಕೆ ಆರು ಅಡಿ ಹಲಗೆ. 1:12ರ ಇಳಿಜಾರಿಗೆ, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದಕ್ಕೆ, 5.4 ಮೀಟರ್ ಬೇಕು. ಇಲ್ಲಿರುವುದು ಹೆಚ್ಚುಕಡಿಮೆ 1:4. ಗಾಲಿಕುರ್ಚಿಯನ್ನು ಇಬ್ಬರು ಹಿಡಿದು ಎತ್ತಬೇಕು, ಇಳಿಯುವಾಗ ಮುಂದಕ್ಕೆ ಮುಗುಚುವ ಭಯ. ಬಸ್ಸಿನ ಖರ್ಚಿನ ಲೆಕ್ಕವನ್ನೂ ತಪ್ಪು ಹಾಕಿದ್ದಾರೆ: ಶಕ್ತಿ ಯೋಜನೆಯಲ್ಲಿ ಹೆಂಗಸಿಗೆ ಟಿಕೆಟ್ ಇಲ್ಲ ಸರಿ, ಜೊತೆಗೆ ಬರುವ ತಮ್ಮನಿಗೆ ಪೂರ್ತಿ ಇದೆ.

ಕೈಪಿಡಿ ಕನ್ನಡದಲ್ಲಿ ಮಾತ್ರ. ಬೀದರಿನಿಂದ ಬರುವವರಲ್ಲಿ ಉರ್ದು, ಮರಾಠಿ ಓದುವವರಿರುತ್ತಾರೆ ಎಂಬುದು ಇಲ್ಲಿಯವರಿಗೆ ಹೊಸ ಸುದ್ದಿಯೇನಲ್ಲ. ಪಂಚಾಯಿತಿಯ ವಿಆರ್‌ಡಬ್ಲ್ಯೂಗಳನ್ನೂ (ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಕರೆದಿಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೇ ಗೊತ್ತು.

ಕೊನೆಯ ದಿನದ ಅಣಕು ಸಭೆಯಲ್ಲಿ ಮಹಿಳೆಯರನ್ನು 'ವಿಶೇಷ ಆಹ್ವಾನಿತರು' ಎಂದು ಕೂರಿಸುತ್ತಾರೆ. ಹಾಜರಿ ಪುಸ್ತಕಕ್ಕೆ ಅವರ ಸಹಿ ತೆಗೆದುಕೊಳ್ಳುತ್ತಾರೆ, ನಡಾವಳಿ ಪುಸ್ತಕ ಅವರ ಕೈಗೆ ಬರುವುದೇ ಇಲ್ಲ.